ಸಂಜೆಯ ಮಿರ್ಚಿ ಭಜಿ: ದಾರಿ ಬದಲಿಸುವುದೋ, ತಿನಿಸು ಬದಲಿಸುವುದೋ?

ಕಚೇರಿ ಬಿಟ್ಟೊಡನೆ ಮಿರ್ಚಿ ಭಜಿಗಾಗಿ ವಿಜಯಪುರದ ಗಾಂಧಿ ಚೌಕದತ್ತ ಕಾಲು ತಾನಾಗಿ ತಿರುಗುತ್ತದೆಯೇ? ಅದೇ ಜಾಗ, ಅದೇ ಹೊತ್ತು, ಅದೇ ರುಚಿ ಮರುಕಳಿಸುತ್ತಿದ್ದರೆ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಆ ಸರಣಿಯನ್ನು ರೂಢಿಯಾಗಿಸಿಕೊಳ್ಳುತ್ತದೆ. ಯೋಚನೆಗೆ ಮತ್ತೆ ಕೆಲಸವಿಲ್ಲ.

ಈ ರೂಢಿ ಬಿಡಲು ದಾರಿ ಬದಲಿಸಿದರೆ ಎಣ್ಣೆಯ ಘಮ ಮೂಗಿಗೇ ತಾಗದು. ಫಲ ಬೇಗ. ಆದರೆ ಹಳೆಯ ಜಾಡು ಅಳಿಯುವುದಿಲ್ಲ, ಗೆಳೆಯರು ಅಲ್ಲಿಗೇ ಕರೆದರೆ ಮತ್ತೆ ಚಿಗುರುತ್ತದೆ.

ಅದೇ ಹೊತ್ತಿಗೆ ಹುರಿಗಡಲೆ ತಿನ್ನುವುದು ನಿಧಾನದ ಉಪಾಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನದಲ್ಲಿ ಹೊಸ ರೂಢಿ ಬೇರೂರಲು ಹಿಡಿದ ಅವಧಿಯ ಮಧ್ಯದ ಅಂಕಿ 66 ದಿನ. ಅಂದಾಜು 18ರಿಂದ 254ರವರೆಗೂ ಹರಡಿತ್ತು. ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡಲಿಲ್ಲ. ಹಸಿದು ತಿನ್ನುವವರಿಗೆ ನನ್ನ ಮತ ಇದಕ್ಕೇ. ಹರಟೆಗಾಗಿ ಹೋಗುವವರು (ಅವರೇ ಹೆಚ್ಚು!) ಗೆಳೆಯರನ್ನು ಬೇರೆಡೆ ಕೂಡಿಸಲಿ.