ಹೂಗಾರ್ಡನ್ ಮತ್ತು ವೈಹೆನ್‌ಸ್ಟೆಫಾನರ್: ಯಾವ ಗೋಧಿ ಬಿಯರ್ ಮೇಲು?

ಗೋಧಿ ಬಿಯರ್ ಕುಡಿದು ನೋಡಬೇಕು, ಬೆಲ್ಜಿಯಂನದ್ದು ತಗೊಳ್ಳಲಾ, ಜರ್ಮನಿಯದ್ದು ತಗೊಳ್ಳಲಾ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಎರಡನ್ನೂ ಒಟ್ಟಿಗೆ ತೆರೆದು, ಪಕ್ಕಪಕ್ಕದ ಗ್ಲಾಸಿಗೆ ಸುರಿದು ನೋಡಿದ ಮೇಲೆ ನನಗೆ ಗಟ್ಟಿ ಅಭಿಪ್ರಾಯವಿದೆ.

ಎರಡೂ ಮಸುಕು ಮಸುಕಾಗಿರುತ್ತವೆ, ಎರಡರಲ್ಲೂ ನೊರೆ ದಪ್ಪ. ಬೆಲ್ಜಿಯಂನ ಹೂಗಾರ್ಡನ್ ತೆಳು ಹಳದಿ, ಜರ್ಮನಿಯ ವೈಹೆನ್‌ಸ್ಟೆಫಾನರ್ ಚಿನ್ನದ ಬಣ್ಣಕ್ಕೆ ಹತ್ತಿರ. ಮೂಗಿನ ಹತ್ತಿರ ತಂದರೆ ದಾರಿ ಪೂರ್ತಿ ಬೇರೆಯಾಗುತ್ತದೆ. ಹೂಗಾರ್ಡನ್‌ನಲ್ಲಿ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ. ವೈಹೆನ್‌ಸ್ಟೆಫಾನರ್‌ನಲ್ಲಿ ಮಾಗಿದ ಬಾಳೆಹಣ್ಣು, ಹಿಂದೆಯೇ ಲವಂಗ.

‘ಇದಕ್ಕೆ ಬಾಳೆಹಣ್ಣು ಹಾಕ್ತಾರಾ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ. ಹಣ್ಣೂ ಇಲ್ಲ, ಲವಂಗವೂ ಇಲ್ಲ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸ್ (ಕಹಿ ಕೊಡುವ ಒಂದು ಹೂ), ನೀರು, ಯೀಸ್ಟ್ ಅಷ್ಟೇ. ಬಾಳೆಹಣ್ಣಿಗೆ ವಾಸನೆ ಕೊಡುವ ಐಸೋಅಮೈಲ್ ಅಸಿಟೇಟನ್ನೇ ಈ ಯೀಸ್ಟ್ ಹುದುಗುವಾಗ ತಯಾರಿಸುತ್ತದೆ. ಲವಂಗದ ಕಥೆ ಇನ್ನೂ ಚೆಂದ. ಮಾಲ್ಟ್ ಪುಡಿಯನ್ನು ನೀರಿನಲ್ಲಿ ಸುಮಾರು 45 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಫೆರುಲಿಕ್ ಆಮ್ಲ ಬಿಡುಗಡೆಯಾಗುತ್ತದೆ, ಅದನ್ನು ಯೀಸ್ಟ್ ಲವಂಗದ ಪರಿಮಳಕ್ಕೆ ತಿರುಗಿಸುತ್ತದೆ. ಒಂದು ಜೀವಿ ಇಷ್ಟೆಲ್ಲ ಮಾಡುತ್ತದಲ್ಲ ಅಂತ ನನಗೆ ಈಗಲೂ ಬೆರಗು.

ಹೂಗಾರ್ಡನ್ ಮಸಾಲೆಯನ್ನು ನೇರವಾಗಿ ಹಾಕುತ್ತದೆ. ಅದರಲ್ಲಿ ತಪ್ಪೇನಿಲ್ಲ, ಅದು ಆ ಊರಿನ ಹಳೇ ಪದ್ಧತಿ. ಮೊಳಕೆ ಬರಿಸದ ಹಸಿ ಗೋಧಿ ಬಳಸುವುದರಿಂದ ಬಾಯಿಗೆ ಹಗುರ, ಸ್ವಲ್ಪ ಹುಳಿ. 1950ರ ದಶಕದಲ್ಲಿ ಹೂಗಾರ್ಡನ್ ಊರಿನ ಕೊನೆಯ ಬ್ರೂವರಿ ಮುಚ್ಚಿಹೋಗಿ ಈ ಬಿಯರೇ ಇಲ್ಲವಾಗಿತ್ತು. ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ 1966ರ ಹೊತ್ತಿಗೆ ಅದನ್ನು ಮತ್ತೆ ತಯಾರಿಸಿದರು. ಇವತ್ತು ಜಗತ್ತಿನಲ್ಲಿ ಎಲ್ಲೇ ವಿಟ್‌ಬಿಯರ್, ಅಂದರೆ ಬೆಲ್ಜಿಯಂ ಶೈಲಿಯ ಗೋಧಿ ಬಿಯರ್, ಸಿಕ್ಕರೂ ಅದರ ಹಿಂದೆ ಆ ಮನುಷ್ಯ ಇದ್ದಾರೆ.

ಜರ್ಮನಿಯ ಬವೇರಿಯಾದ ಕಡೆ ಅಡ್ಡಿ ಬೇರೆಯದು. 1516ರ ಕಾನೂನು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಅಂದಿತ್ತು. ಅದರ ಹೊರಗಿದ್ದ ಗೋಧಿ ಬಿಯರ್ ಮಾಡುವ ವಿಶೇಷ ಹಕ್ಕು ದೊಡ್ಡ ಮನೆತನಗಳ ಕೈಯಲ್ಲೇ ಉಳಿಯಿತು. 1872ರಲ್ಲಿ ಗೇಯೋರ್ಗ್ ಶ್ನೈಡರ್ ಆ ಹಕ್ಕನ್ನು ಪಡೆದ ಮೇಲೆ ಅದು ಸಾಮಾನ್ಯರ ಬ್ರೂವರಿಗೆ ಬಂತು. ವೈಹೆನ್‌ಸ್ಟೆಫಾನರ್ ತಯಾರಿಸುವ, ಫ್ರೈಸಿಂಗ್ ಊರಿನ ವೈಹೆನ್‌ಸ್ಟೆಫಾನ್ ಬ್ರೂವರಿ ತನ್ನ ಹುಟ್ಟು 1040ರದ್ದು ಅಂತ ಹೇಳಿಕೊಳ್ಳುತ್ತದೆ. ಈಗ ಅದು ಬವೇರಿಯಾ ಸರ್ಕಾರದ ಒಡೆತನದಲ್ಲಿದೆ.

ನಿಜವಾದ ಪರೀಕ್ಷೆ ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತಾದ ಮೇಲೆ. ತುಂಬಾ ತಣ್ಣಗಿದ್ದಾಗ ಹೂಗಾರ್ಡನ್ನೇ ಗೆಲ್ಲುತ್ತದೆ, ಚುರುಕಾಗಿ ಗಂಟಲಿಗಿಳಿಯುತ್ತದೆ. ತಣ್ಣಗಿನ ವೈಹೆನ್‌ಸ್ಟೆಫಾನರ್ ಬಾಯಿ ಬಿಡುವುದೇ ಇಲ್ಲ. ಅರ್ಧ ಗ್ಲಾಸ್ ಮುಗಿಯುವ ಹೊತ್ತಿಗೆ ಎಲ್ಲ ತಿರುಗಿರುತ್ತದೆ. ಹೂಗಾರ್ಡನ್‌ನ ಕೊತ್ತಂಬರಿ ನನ್ನ ನಾಲಿಗೆಗೆ ಸೋಪಿನ ಹಾಗೆ ಅನ್ನಿಸತೊಡಗುತ್ತದೆ, ಬಿಯರೂ ನೀರುನೀರಾಗಿ ಅನ್ನಿಸುತ್ತದೆ. ವೈಹೆನ್‌ಸ್ಟೆಫಾನರ್‌ನಲ್ಲಿ ಆಗ ಲವಂಗ ಮುಂದೆ ಬರುತ್ತದೆ, ಬ್ರೆಡ್ಡಿನಂಥ ರುಚಿ ತುಂಬಿಕೊಳ್ಳುತ್ತದೆ. ಕೊನೆಯ ಗುಟುಕು ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ನನ್ನ ಓಟು ಅದಕ್ಕೇ, ಅನುಮಾನವೇ ಇಲ್ಲ. ಆಲ್ಕೋಹಾಲ್ 5.4 ಶೇಕಡ, ಹೂಗಾರ್ಡನ್ 4.9. ಗಮನಿಸುವಂಥ ಅಂತರ ಅಲ್ಲ.

ಜರ್ಮನಿಯದೇ ಬೇರೆ ಗೋಧಿ ಬಿಯರ್‌ಗಳಾದ ಪೌಲಾನರ್, ಎರ್ಡಿಂಗರ್? ಮೊದಲನೆಯದು ಬಾಳೆಹಣ್ಣಿನ ಕಡೆ ಜಾಸ್ತಿ ವಾಲುತ್ತದೆ, ಎರಡನೆಯದು ತೀರಾ ಸೌಮ್ಯ.

ಬೆಲ್ಜಿಯಂ ಶೈಲಿಯೇ ಬೇಕು ಅನ್ನುವವರಿಗೆ ಸೇಂಟ್ ಬರ್ನಾರ್ಡಸ್ ವಿಟ್ ಹೇಳುತ್ತೇನೆ. ಅದನ್ನು ರೂಪಿಸುವಾಗಲೂ ಸೆಲಿಸ್ ಜೊತೆಗಿದ್ದರು. ಬಿಸಿಯೇರಿದರೂ ಅದರ ಮಸಾಲೆ ಹದ ತಪ್ಪುವುದಿಲ್ಲ.

ಯಾವುದನ್ನೇ ತಂದರೂ ಬಾಟಲಿಯ ಮೇಲಿನ ತಾರೀಖು ನೋಡಿ. ಇವು ಇಟ್ಟು ಕುಡಿಯುವ ಬಿಯರ್‌ಗಳಲ್ಲ, ಹಳೆಯದಾದರೆ ಪರಿಮಳವೇ ಮೊದಲು ಹೋಗುತ್ತದೆ. ಸುರಿಯುವಾಗ ಕೊನೆಯ ಸ್ವಲ್ಪವನ್ನು ಬಾಟಲಿಯಲ್ಲೇ ಉಳಿಸಿ, ಮೆಲ್ಲಗೆ ತಿರುಗಿಸಿ, ತಳದ ಯೀಸ್ಟನ್ನೂ ಗ್ಲಾಸಿಗೆ ಹಾಕಿಕೊಳ್ಳಿ. ನಿಂಬೆ ಹೋಳು ಮಾತ್ರ ಬೇಡ, ಅದರ ಎಣ್ಣೆ ತಾಗಿದ್ದೇ ನೊರೆ ಕುಸಿಯುತ್ತದೆ.