50 ಹರ್ಟ್ಜ್ ಗುಂಯ್ ಸದ್ದಿಗೆ ಮೂರು ದಾರಿ: ಮಾಡಿ ನೋಡಿದ ಹೋಲಿಕೆ

ಕಲಬುರಗಿಯ ನಮ್ಮ ಓಣಿಯಲ್ಲಿ ಒಬ್ಬ ಮುತ್ಯಾ ಅಮಾವಾಸ್ಯೆಗೊಮ್ಮೆ ತತ್ವಪದ ಹಾಡುತ್ತಾರೆ. ರೆಕಾರ್ಡ್ ಮಾಡಿದಾಗಲೆಲ್ಲ ಏಕತಾರಿಯ ಕೆಳಗೆ ಕರೆಂಟಿನ ಗುಂಯ್ ಸದ್ದು ಕೂತಿರುತ್ತದೆ. ಆ 50 ಹರ್ಟ್ಜನ್ನಷ್ಟೇ ತೆಗೆಯುವ ನಾಚ್ ಫಿಲ್ಟರನ್ನು ಮೂರು ರೀತಿಯಲ್ಲಿ ಮಾಡಿ ನೋಡಿದೆ.

ಮೊದಲು ಕೈಲೆಕ್ಕ. ಟ್ವಿನ್-ಟಿ (T ಆಕಾರದ ಎರಡು ಜಾಲ ಸೇರಿದ) ಸರ್ಕ್ಯೂಟಿಗೆ 68 ಕಿಲೋಓಮ್ ರೆಸಿಸ್ಟರ್, 47 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ 49.8 ಹರ್ಟ್ಜ್ ಬರುತ್ತದೆ. ಹತ್ತು ನಿಮಿಷದ ಕೆಲಸ. ಗುಂಯ್ ಹೋಯಿತು. ಮುತ್ಯಾ ಕೇಳಿ, "ಧ್ವನಿಗಿ ಹೊಟ್ಟಿನೇ ಇಲ್ಲಲ್ಲೋ ತಮ್ಮಾ" ಅಂದರು. ಅವರ ಕಿವಿ ಸರಿಯಾಗಿತ್ತು. ಬರೀ ಟ್ವಿನ್-ಟಿ 100 ಹರ್ಟ್ಜಿನಲ್ಲೂ 9 ಡೆಸಿಬಲ್ ತಿನ್ನುತ್ತದೆ, ಗಂಡಸಿನ ತಗ್ಗು ದನಿ ಇರುವುದೇ ಆ ಸುತ್ತಿನಲ್ಲಿ. ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್ ಸೇರಿಸಿ ಔಟ್‌ಪುಟ್ಟಿನ 0.8 ಭಾಗವನ್ನು ಟ್ವಿನ್-ಟಿಯ ಬುಡಕ್ಕೆ ಮರಳಿಸಿದೆ. ನಷ್ಟ ಸುಮಾರು 1 ಡೆಸಿಬಲ್‌ಗೆ ಇಳಿಯಿತು.

ಎರಡನೆಯದು ಜೆನೆಟಿಕ್ ಅಲ್ಗಾರಿದಮ್, ಜೀವವಿಕಾಸದಂತೆ ಪೀಳಿಗೆಯಿಂದ ಪೀಳಿಗೆಗೆ ಉತ್ತರ ಸುಧಾರಿಸುವ ಲೆಕ್ಕ. ಸರ್ಕ್ಯೂಟಿನ ಆಕಾರ ಅದೇ, ಮೌಲ್ಯಗಳನ್ನಷ್ಟೇ ಅದಕ್ಕೆ ಬಿಟ್ಟೆ. ಒಂದು ಪೀಳಿಗೆಗೆ 50 ಸರ್ಕ್ಯೂಟ್, ಒಟ್ಟು 100 ಪೀಳಿಗೆ. ಪ್ರತಿಯೊಂದನ್ನೂ, ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುವ ತಂತ್ರಾಂಶವಾದ ಎನ್‌ಜಿಸ್ಪೈಸ್‌ನಲ್ಲಿ ಓಡಿಸಿ ಅಂಕ: 50 ಹರ್ಟ್ಜಿನಲ್ಲಿ ಎಷ್ಟು ಕತ್ತರಿಸಿತು, 100 ಹರ್ಟ್ಜಿನಲ್ಲಿ ಎಷ್ಟು ಉಳಿಸಿತು. ಹೆಚ್ಚು ಅಂಕದವು ಕೂಡಿ ಮರಿ ಹಾಕುತ್ತವೆ, ಮರಿಗಳಲ್ಲಿ ಒಂದೆರಡು ಮೌಲ್ಯ ಬದಲಾಗುತ್ತವೆ. ಅದು ಮರಳಿಸುವ ಭಾಗವನ್ನು 0.98ಕ್ಕೆ ಒಯ್ದಿತು. ಪರದೆಯ ಮೇಲೆ ಸೂಜಿ ಚುಚ್ಚಿದಂಥ ಕುಳಿ! ಬೋರ್ಡಿಗೆ ಬೆಸುಗೆ ಹಾಕಿದರೆ ಗುಂಯ್ ಹಾಗೇ ಇತ್ತು. ಕೆಪ್ಯಾಸಿಟರುಗಳ ಮೌಲ್ಯದಲ್ಲಿ ಶೇ 10ರವರೆಗೆ ಹೆಚ್ಚುಕಡಿಮೆ ಇರುತ್ತದೆ. ಅಷ್ಟು ಸಣ್ಣ ಕುಳಿ 50ನ್ನು ಬಿಟ್ಟು ಪಕ್ಕದಲ್ಲಿ ಬಿದ್ದಿತ್ತು. ಅದರ ಮೇಲೆ, ಬೇರೆ ಹೇಳದಿದ್ದರೆ ಸ್ಪೈಸ್ ಉಷ್ಣತೆಯನ್ನು 27 ಡಿಗ್ರಿ ಎಂದೇ ಹಿಡಿಯುತ್ತದೆ. ಮೇ ತಿಂಗಳ ನಮ್ಮ ಮಧ್ಯಾಹ್ನ 40 ದಾಟುತ್ತದೆ, ಬಿಸಿಗೂ ಮೌಲ್ಯ ಸರಿಯುತ್ತದೆ.

ನಾನು ಕೇಳಿದ್ದನ್ನೇ ಅದು ಕೊಟ್ಟಿತ್ತು. ಕೇಳುವುದನ್ನೇ ಬದಲಿಸಿದೆ: ಪ್ರತಿ ಸರ್ಕ್ಯೂಟಿನ ಮೌಲ್ಯಗಳನ್ನು 20 ಸಲ ಅಲುಗಾಡಿಸಿ, ಅದರಲ್ಲಿ ಬಂದ ಅತಿ ಕಡಿಮೆ ಅಂಕವನ್ನೇ ಲೆಕ್ಕಕ್ಕೆ ಹಿಡಿದೆ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ ಮರಳಿಸುವ ಭಾಗ ತಾನಾಗಿ 0.8ರ ಹತ್ತಿರ ಬಂದು ನಿಂತಿದೆ. ನನ್ನ ಕೈಲೆಕ್ಕದ ಜಾಗ! ಆ ಬೆಳಗಿನ ಖುಷಿ ಇನ್ನೂ ಇದೆ. ಆಮೇಲೆ ಡಬ್ಬಿಯಲ್ಲಿದ್ದ ಕೆಪ್ಯಾಸಿಟರುಗಳನ್ನು ಮೀಟರಿನಲ್ಲಿ ಒಂದೊಂದಾಗಿ ಅಳೆದೆ. 47 ಎಂದು ಬರೆದದ್ದು ಒಂದು 44.9, ಇನ್ನೊಂದು 49.3. ಆ ಪಟ್ಟಿ ಕೊಟ್ಟರೆ ಯಾವುದು ಎಲ್ಲಿ ಕೂರಬೇಕೆಂದು ಅಲ್ಗಾರಿದಮ್ಮೇ ಹೇಳಿತು. ಈ ಜೋಡಣೆ ಕೈಲೆಕ್ಕದಿಂದ ನನಗೆ ಆಗುತ್ತಿರಲಿಲ್ಲ.

ಮೂರನೆಯದು, ಆಕಾರವನ್ನೂ ಅದಕ್ಕೇ ಬಿಡುವುದು. 1990ರ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಕೋಜಾ ಇದೇ ಬಗೆಯಲ್ಲಿ ಫಿಲ್ಟರುಗಳನ್ನು ಬೆಳೆಸಿ ತೋರಿಸಿದ್ದರು. ನನ್ನ ಕಂಪ್ಯೂಟರಿನಲ್ಲಿ ಹುಟ್ಟಿದ ಸರ್ಕ್ಯೂಟ್‌ನ ಒಳಗೆ ಆಪ್-ಆಂಪ್ 60 ವೋಲ್ಟ್ ಹೊರಹಾಕುತ್ತಿತ್ತು. ನನ್ನ ಬ್ಯಾಟರಿ 9 ವೋಲ್ಟಿನದು. ಮಾದರಿಯಲ್ಲಿ ನಾನು ಮಿತಿ ಹಾಕಿರಲಿಲ್ಲ, ಅದು ಆ ಸಂದಿನಲ್ಲೇ ನುಗ್ಗಿತ್ತು. 1996ರಲ್ಲಿ ಸಸೆಕ್ಸ್‌ನ ಸಂಶೋಧಕ ಏಡ್ರಿಯನ್ ಥಾಂಪ್ಸನ್ ನಿಜವಾದ, ಒಳಜೋಡಣೆಯನ್ನು ಬೇಕಾದಂತೆ ಬದಲಿಸಬಹುದಾದ ಎಫ್‌ಪಿಜಿಎ ಚಿಪ್ಪಿನ ಮೇಲೇ ವಿಕಾಸ ನಡೆಸಿದಾಗ, ತಂತಿಯ ಸಂಬಂಧವೇ ಇಲ್ಲದ ಕೋಶಗಳನ್ನು ತೆಗೆದರೂ ಸರ್ಕ್ಯೂಟ್ ಕೆಡುತ್ತಿತ್ತಂತೆ. ಅದನ್ನು ಓದುವುದು ರೋಮಾಂಚನ, ಆದರೆ ಹೀಗೆ ಹುಟ್ಟಿದ್ದನ್ನು ಮುತ್ಯಾನ ಮೈಕಿಗೆ ಹಾಕಲು ನನಗೆ ಧೈರ್ಯವಿಲ್ಲ.

ಫಿಲ್ಟರಿನ ಡಬ್ಬಿಯಲ್ಲಿ ಈಗಿರುವುದು ಕೈಲೆಕ್ಕದ ಆಕಾರ, ಅಲ್ಗಾರಿದಮ್ ಆರಿಸಿದ ಕೆಪ್ಯಾಸಿಟರ್. ಹೋದ ಅಮಾವಾಸ್ಯೆಗೆ ಕೇಳಿಸಿದೆ. ಮುತ್ಯಾ ಕಣ್ಣು ಮುಚ್ಚಿ ಒಂದು ಪದ ಪೂರ್ತಿ ಕೇಳಿ, "ಇನ್ನೊಂದ್ ಹಚ್ಚಪಾ" ಅಂದರು.