ಲಾಜಿಕ್ ಚಿಪ್‌ನ ಲೀಕೇಜ್ ಅಳೆಯುವ ಮುಂಚೆ ಇದನ್ನೊಮ್ಮೆ ಓದಿ

ಹೋದ ಮಳೆಗಾಲದಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನ ಒಬ್ಬ ಅಂಗಡಿಯವರಿಗೆ "ನೀವು ಕೊಟ್ಟಿದ್ದು ಡೂಪ್ಲಿಕೇಟ್ ಮಾಲು" ಅಂತ ಎಲ್ಲರೆದುರು ಹೇಳಿಬಂದೆ. ಮಾಲು ಸರಿಯಾಗಿಯೇ ಇತ್ತು. ನಾನು ಅಳೆದ ರೀತಿ ತಪ್ಪಾಗಿತ್ತು.

ಊರಲ್ಲಿ ಅಡಿಕೆ ಒಣಗಿಸುವ ಅಂಗಳಕ್ಕೆ ಮಳೆ ಅಲಾರಂ ಮಾಡುತ್ತಿದ್ದೆ. ನಾಲ್ಕು ಹನಿ ಬಿದ್ದರೆ ಬಜರ್ ಕೂಗಬೇಕು. 74ಎಚ್‌ಸಿ00 ಅನ್ನೋ ಲಾಜಿಕ್ ಚಿಪ್, ಮೂರು ಪೆನ್ಸಿಲ್ ಸೆಲ್. ಇಡೀ ಸೀಸನ್ ಸೆಲ್ ಬದಲಿಸದೆ ನಡೆಯಬೇಕು ಅಂದರೆ ಸುಮ್ನೆ ಕೂತಿರುವಾಗ ಚಿಪ್ ಎಷ್ಟು ಕರೆಂಟ್ ಸೋರಿಸುತ್ತದೆ (ಅದೇ ಲೀಕೇಜ್) ಅಂತ ಗೊತ್ತಿರಬೇಕು ಅಲ್ವಾ? ಡೇಟಾಶೀಟ್ (ತಯಾರಕರು ಕೊಡುವ ವಿವರ ಪತ್ರ) ಪ್ರಕಾರ 25 ಡಿಗ್ರಿಯಲ್ಲಿ ಹೆಚ್ಚೆಂದರೆ 2 ಮೈಕ್ರೋ ಆಂಪ್. ನನ್ನ ಮೀಟರ್ ತೋರಿಸಿದ್ದು 1.3 ಮಿಲಿ ಆಂಪ್, ಅಂದರೆ 1300 ಮೈಕ್ರೋ! ಕೈ ಹತ್ತಿರ ತಂದರೆ ಅಂಕಿ ಏರಿಳಿಯುತ್ತಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಂಗಡಿಯವರು ಸಮಾಧಾನದಿಂದಲೇ ಕೇಳಿದರು, "ಸರ್, ಖಾಲಿ ಪಿನ್ ಎಲ್ಲಾ ಕಟ್ಟಿದ್ದೀರಾ?" ನಾನು ಕೇಳಿಸಿಕೊಳ್ಳಲೇ ಇಲ್ಲ. ದುಡ್ಡು ವಾಪಸ್ ಇಸ್ಕೊಂಡು ಬಂದೆ. ಒಂದು ಚಿಪ್ ಮಾತ್ರ ಬೋರ್ಡಿನಲ್ಲೇ ಉಳಿದಿತ್ತು.

ಆ ಚಿಪ್‌ನಲ್ಲಿ 4 ಗೇಟ್ (ಇನ್‌ಪುಟ್ ನೋಡಿ ಔಟ್‌ಪುಟ್ ಕೊಡುವ ಸಣ್ಣ ಸರ್ಕ್ಯೂಟ್) ಇವೆ, ನಾನು ಬಳಸಿದ್ದು ಎರಡೇ. ಉಳಿದೆರಡರ ಇನ್‌ಪುಟ್ ಆದ 9, 10, 12, 13ನೇ ಪಿನ್‌ಗಳನ್ನು ಹಾಗೇ ಬಿಟ್ಟಿದ್ದೆ. ಇಂಥ ಸಿಮಾಸ್ (ಮೇಲೆ ಕೆಳಗೆ ಜೋಡಿ ಟ್ರಾನ್ಸಿಸ್ಟರ್ ಇರುವ ಬಗೆ) ಗೇಟ್‌ನ ಇನ್‌ಪುಟ್ ಎಲ್ಲಿಗೂ ಕಟ್ಟದೆ ಇದ್ದರೆ ಅದರ ವೋಲ್ಟೇಜ್ ಗಾಳಿಯಲ್ಲಿ ತೇಲುತ್ತಾ ನಡುಮಧ್ಯೆ ಎಲ್ಲೋ ಬಂದು ನಿಲ್ಲಬಹುದು, ಆಗ ಮೇಲಿನ ಟ್ರಾನ್ಸಿಸ್ಟರ್, ಕೆಳಗಿನದು ಎರಡೂ ಅರ್ಧರ್ಧ ತೆರೆದುಕೊಂಡು ಪ್ಲಸ್‌ನಿಂದ ಗ್ರೌಂಡ್‌ಗೆ ನೇರ ದಾರಿ ಆಗಿಬಿಡುತ್ತದೆ. ಅದು ಲೀಕೇಜ್ ಅಲ್ಲವೇ ಅಲ್ಲ. ನಾಲ್ಕೂ ಪಿನ್ ಗ್ರೌಂಡ್‌ಗೆ ಹಾಕಿದೆ, ಮಿಲಿ ಹೋಗಿ ಮೈಕ್ರೋಗೆ ಇಳಿಯಿತು.

ಆದರೂ 11 ಮೈಕ್ರೋ ಉಳಿಯಿತು. ಅದು ಸಪ್ಲೈಗೆ ಅಡ್ಡ ಹಾಕಿದ್ದ 100 ಮೈಕ್ರೋಫ್ಯಾರಡ್, 16 ವೋಲ್ಟ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನದ್ದು. ಅಂಥದ್ದಕ್ಕೆ ತಯಾರಕರೇ ಸಾಮಾನ್ಯವಾಗಿ 16 ಮೈಕ್ರೋ ತನಕ ಲೀಕೇಜ್ ಒಪ್ಪಿರುತ್ತಾರೆ. ಕಿತ್ತು ಚಿಕ್ಕ ಸೆರಾಮಿಕ್ ಹಾಕಿದೆ.

ಆಮೇಲೆ ಮೀಟರ್ ಸೊನ್ನೆ ತೋರಿಸಿತು. ಖುಷಿಯಾಯಿತು. ದಯವಿಟ್ಟು ಈ ಸೊನ್ನೆಯನ್ನು ನಂಬಬೇಡಿ, ಇದು ಎಲ್ಲಕ್ಕಿಂತ ಕೆಟ್ಟದ್ದು. ವೈರ್ ಬದಲಿಸುವಾಗ ಯಾವಾಗಲೋ ಮೀಟರ್ ಒಳಗಿನ ಫ್ಯೂಸ್ ಹೋಗಿತ್ತು. ಹಾಗಿದ್ದರೆ ಚಿಪ್ ಸತ್ತಿರಬೇಕಿತ್ತಲ್ಲ? ಇಲ್ಲ, ಗೇಟ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು! ಒಂದು ಇನ್‌ಪುಟ್ ಪಿನ್ನನ್ನು ನಾನು ಸೀದಾ ಸೆಲ್‌ನ ಪ್ಲಸ್‌ಗೆ ಕಟ್ಟಿದ್ದೆ, ಅಂದರೆ ಮೀಟರ್‌ಗಿಂತ ಮುಂಚಿನ ಜಾಗಕ್ಕೆ. ಇನ್‌ಪುಟ್‌ನ ರಕ್ಷಣೆಗೆ ಒಳಗೆ ಒಂದು ಡಯೋಡ್ ಇರುತ್ತದೆ, ಅದರ ಮೂಲಕವೇ ಚಿಪ್‌ಗೆ ಕರೆಂಟ್ ಹೋಗುತ್ತಿತ್ತು. ಈ ಚಿಪ್‌ಗೆ 2 ವೋಲ್ಟ್ ಸಿಕ್ಕರೂ ಸಾಕು, ಡಯೋಡ್ ಸ್ವಲ್ಪ ತಿಂದುಕೊಂಡರೂ ನಡೆಯುತ್ತದೆ. ಹಾಗಾಗಿ ಪ್ಲಸ್‌ಗೆ ಕಟ್ಟಬೇಕಾದ ಇನ್‌ಪುಟ್ ಇದ್ದರೆ ಚಿಪ್‌ನ ಪವರ್ ಪಿನ್ ಆದ 14ನೇ ಪಿನ್‌ಗೇ ಕಟ್ಟಿ.

ಈಗ ನಾನು ಅಳೆಯೋದು ಹೀಗೆ. 14ನೇ ಪಿನ್‌ಗೆ ಹೋಗುವ ದಾರಿಯಲ್ಲಿ ಒಂದು 100 ಕಿಲೋ ಓಂ ರೆಸಿಸ್ಟರ್ ಹಾಕಿ, ಅದರ ಎರಡೂ ತುದಿ ವೈರ್‌ನಿಂದ ಜೋಡಿಸಿಟ್ಟು ಪವರ್ ಕೊಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ವೈರ್ ತೆಗೆದು ರೆಸಿಸ್ಟರ್ ಮೇಲಿನ ಮಿಲಿವೋಲ್ಟ್ ನೋಡುತ್ತೇನೆ. 100 ಮಿಲಿವೋಲ್ಟ್ ಅಂದರೆ 1 ಮೈಕ್ರೋ ಆಂಪ್. ಔಟ್‌ಪುಟ್‌ಗಳಿಗೆ ಏನೂ ಹಾಕಿರಬಾರದು, ಬಜರ್ ಕೂಡ ಬೇಡ. ಬೋರ್ಡನ್ನು ಸ್ಪಿರಿಟ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಮಲೆನಾಡಿನ ಜುಲೈ ತೇವದಲ್ಲಿ ಬೆಸುಗೆ ಫ್ಲಕ್ಸ್‌ನ ಅಂಟೇ ಕರೆಂಟ್ ಹರಿಸುತ್ತದೆ. ಮೊದಲು ಚಿಪ್ ಇಲ್ಲದೆ ಖಾಲಿ ಸಾಕೆಟ್ ಒಂದನ್ನೇ ಅಳೆದು ಬರೆದಿಟ್ಟುಕೊಳ್ಳಿ.

ಬೋರ್ಡಿನಲ್ಲಿ ಉಳಿದಿದ್ದ ಆ "ಡೂಪ್ಲಿಕೇಟ್" ಚಿಪ್‌ನಲ್ಲಿ ಕೊನೆಗೆ ಬಂದಿದ್ದು 3 ಮಿಲಿವೋಲ್ಟ್, ಅಂದರೆ 0.03 ಮೈಕ್ರೋ ಆಂಪ್. ಅದನ್ನು ಬರೆದ ಕಾಗದ ಹಿಡಿದುಕೊಂಡು ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ, ಅಷ್ಟೂ ಚಿಪ್ ಮತ್ತೆ ಕೊಂಡೆ.